ಏರಿನ ಲೆಕ್ಕ, ಇಳಿಜಾರಿನ ಎಚ್ಚರ



ಏಳನೇ ತರಗತಿ ಮುಗಿದರೆ ನಮಗೆ ಈ ಶಾಲೆ ಮುಗಿಯಿತು. ಎಂಟನೇ ತರಗತಿಗೆ ಹೈಸ್ಕೂಲಿಗೆ ಹೋಗಬೇಕು. ಅದು ಇಲ್ಲಿಂದ 7 ಕಿಲೋಮೀಟರ್. ನಮ್ಮದು ಮಲೆನಾಡು. ರಸ್ತೆ ನೆಟ್ಟಗೂ ಇಲ್ಲ, ಮಟ್ಟಸವಾಗಿಯೂ ಇಲ್ಲ. ಬಸ್ಸು ಬೆಳಿಗ್ಗೆ ಒಂದು, ಸಂಜೆ ಕತ್ತಲಾದ ಮೇಲೆ ಒಂದು. ಹಾಗಾಗಿ ಸೈಕಲ್ಲೇ ಗತಿ. ಆದರೆ ನಡುವೆ ದೊಡ್ಡ ಏರು ಇದೆಯಲ್ಲ! "ಹೆಣ್ಣುಮಕ್ಕಳಿಗೆ ಆ ಏರು ಹತ್ತೋಕೆ ಆಗುತ್ತಾ? ಏಳನೇ ಕ್ಲಾಸು ಓದಿದ್ದು ಸಾಕು" ಎಂಬ ಮಾತು ಕೆಲವು ಮನೆಗಳಲ್ಲಿ ನಡೆಯುತ್ತಿದೆ. ಆಗುತ್ತೋ ಇಲ್ಲವೋ ಎಂದು ಬಾಯಿಮಾತಿನಲ್ಲಿ ಹೇಳುವ ಬದಲು ಲೆಕ್ಕ ಹಾಕಿ ನೋಡೋಣ ಎಂದು ಈ ಪಾಠ ಬರೆದಿದ್ದೇನೆ.

1. ಏರನ್ನು ಅಳೆಯುವುದು ಹೇಗೆ?

ಗಾರೆ ಕೆಲಸದವರು ಗೋಡೆಯ ಮಟ್ಟ ನೋಡಲು ನೀರು ತುಂಬಿದ ತೆಳು ಪೈಪು ಹಿಡಿಯುತ್ತಾರೆ. ಪೈಪಿನ ಎರಡು ತುದಿಯಲ್ಲೂ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ನಾವು ನಾಲ್ಕು ಜನ ಅದೇ ಪೈಪನ್ನು ತೆಗೆದುಕೊಂಡು ದೊಡ್ಡ ಏರಿಗೆ ಹೋದೆವು. ರಸ್ತೆಯ ಮೇಲೆ ಹಗ್ಗದಿಂದ 10 ಮೀಟರ್ ಅಳೆದೆವು. ಕೆಳಗಿನ ತುದಿಯಲ್ಲಿ ನೀರು ನೆಲದಿಂದ 120 ಸೆಂಟಿಮೀಟರ್ ಮೇಲೆ ನಿಂತಿತು. ಮೇಲಿನ ತುದಿಯಲ್ಲಿ 40 ಸೆಂಟಿಮೀಟರ್. ವ್ಯತ್ಯಾಸ 80 ಸೆಂಟಿಮೀಟರ್. ಅಂದರೆ 10 ಮೀಟರ್ ಹೋದರೆ 80 ಸೆಂಟಿಮೀಟರ್ ಏರುತ್ತೇವೆ, 100 ಮೀಟರ್ ಹೋದರೆ 8 ಮೀಟರ್. ಇದನ್ನು ಶೇಕಡಾ 8ರ ಏರು ಎನ್ನಬಹುದು. ಏರಿನ ಒಟ್ಟು ಉದ್ದ 600 ಮೀಟರ್. ಎಲ್ಲಾ ಕಡೆ ಹೀಗೇ ಇದೆ ಅಂದುಕೊಂಡರೆ ನಾವು ಹತ್ತುವ ಎತ್ತರ 48 ಮೀಟರ್.

2. ಪೆಡಲಿನ ಮೇಲೆ ಎಷ್ಟು ಭಾರ?

ನಮ್ಮ ಮನೆಯಲ್ಲಿ ಅಕ್ಕ ಓಡಿಸುತ್ತಿದ್ದ ಸೈಕಲ್ ಇದೆ. ಪೆಡಲಿನ ಹತ್ತಿರದ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು. ಪೆಡಲ್ ಒಂದು ಸುತ್ತು ತಿರುಗಿದರೆ ಹಿಂದಿನ ಗಾಲಿ 44 ÷ 18, ಅಂದರೆ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ. ಗಾಲಿಗೆ ಸುಣ್ಣದ ಗುರುತು ಹಾಕಿ ಉರುಳಿಸಿದಾಗ ಒಂದು ಸುತ್ತಿಗೆ 2.1 ಮೀಟರ್ ಬಂತು. ಆದ್ದರಿಂದ ಪೆಡಲಿನ ಒಂದು ಸುತ್ತಿಗೆ ಸೈಕಲ್ 5.1 ಮೀಟರ್ ಹೋಗುತ್ತದೆ. ಆಗ ಶೇಕಡಾ 8ರ ಏರಿನಲ್ಲಿ 41 ಸೆಂಟಿಮೀಟರ್ ಮೇಲೇರುತ್ತದೆ.

ಈಗ ತೂಕ. ನಾನು 40 ಕೆಜಿ, ಸೈಕಲ್ 20 ಕೆಜಿ, ಪುಸ್ತಕ ಮತ್ತು ಬುತ್ತಿ ಇರುವ ಚೀಲ 5 ಕೆಜಿ. ಒಟ್ಟು 65 ಕೆಜಿ. ಪೆಡಲಿನ ಕೈಯ ಉದ್ದ 17 ಸೆಂಟಿಮೀಟರ್. ಆದ್ದರಿಂದ ಒಂದು ಸುತ್ತಿನಲ್ಲಿ ಪಾದ ಸಾಗುವ ದಾರಿ 2 × 22/7 × 17 = 107 ಸೆಂಟಿಮೀಟರ್. ಸರಳ ಯಂತ್ರಗಳ ಪಾಠದಲ್ಲಿ ನಾವು ಓದಿದ್ದೇವೆ, ಬಲ ಕಡಿಮೆಯಾದರೆ ದೂರ ಹೆಚ್ಚಾಗುತ್ತದೆ, ಎರಡರ ಗುಣಲಬ್ಧ ಮಾತ್ರ ಅಷ್ಟೇ ಇರುತ್ತದೆ. ಅದರಂತೆ,

65 × 41 ÷ 107 = ಸುಮಾರು 25 ಕೆಜಿ.

ಗಾಳಿ, ಘರ್ಷಣೆ ಬಿಟ್ಟು ಹೇಳಿದರೆ, ಸರಾಸರಿ 25 ಕೆಜಿ ಭಾರದಷ್ಟು ಬಲದಿಂದ ಪೆಡಲನ್ನು ಒತ್ತುತ್ತಲೇ ಇರಬೇಕು. 40 ಕೆಜಿ ತೂಕದವಳಿಗೆ ಇದು ಕಷ್ಟವೇ. ಸೀಟಿನಿಂದ ಎದ್ದು ನಿಂತು ತುಳಿದರೆ ಸ್ವಲ್ಪ ದೂರ ಆಗುತ್ತದೆ, ಆಮೇಲೆ ಕಾಲು ಸೋಲುತ್ತದೆ.

ಇದಕ್ಕೆ ಉಪಾಯ ಇದೆ. ಹಿಂದೆ 22 ಹಲ್ಲಿನ ಫ್ರೀವೀಲ್ ಹಾಕಿಸಿದರೆ ಪೆಡಲಿನ ಒಂದು ಸುತ್ತಿಗೆ 4.2 ಮೀಟರ್ ಮಾತ್ರ ಹೋಗುತ್ತೇವೆ, 34 ಸೆಂಟಿಮೀಟರ್ ಏರುತ್ತೇವೆ. 65 × 34 ÷ 107 = ಸುಮಾರು 21 ಕೆಜಿ. ನಾಲ್ಕು ಕೆಜಿ ಹಗುರ! ಮಟ್ಟಸ ರಸ್ತೆಯಲ್ಲಿ ಮಾತ್ರ ಪೆಡಲನ್ನು ಸ್ವಲ್ಪ ಹೆಚ್ಚು ಸಲ ತುಳಿಯಬೇಕು. ಚೈನಿನ ಉದ್ದ ಸಾಲದೆ ಬಂದರೆ ಸೈಕಲ್ ಶಾಪಿನವರು ಕೊಂಡಿ ಸೇರಿಸಿ ಕೊಡುತ್ತಾರೆ.

ಈ ಲೆಕ್ಕದಲ್ಲಿ ತೂಕ ಇದೆ, ಹಲ್ಲು ಇದೆ, ಎತ್ತರ ಇದೆ. ಹುಡುಗ, ಹುಡುಗಿ ಎಂಬ ಅಂಕಿ ಎಲ್ಲೂ ಇಲ್ಲ.

3. ತಳ್ಳಿಕೊಂಡು ಹೋದರೆ ನಾಚಿಕೆಯೇ?

ಇಳಿದು ತಳ್ಳಿದರೆ ಸೈಕಲ್ ಮತ್ತು ಚೀಲ ಸೇರಿ 25 ಕೆಜಿ. ಅದರ ಶೇಕಡಾ 8 ಅಂದರೆ 2 ಕೆಜಿ. ತಳ್ಳಲು ಬೇಕಾದ ಬಲ ಅಷ್ಟೇ. ನಮ್ಮ ಮೈಯನ್ನು ನಾವು ಹೇಗೂ ನಡೆದು ಹತ್ತಿಸುತ್ತೇವೆ. ಗಂಟೆಗೆ 3 ಕಿಲೋಮೀಟರಿನಂತೆ ನಡೆದರೆ 600 ಮೀಟರಿಗೆ 12 ನಿಮಿಷ. ಗಂಟೆಗೆ 6 ಕಿಲೋಮೀಟರಿನಂತೆ ತುಳಿದುಕೊಂಡು ಹೋದರೆ 6 ನಿಮಿಷ. ಅಂದರೆ ಇಷ್ಟು ದೊಡ್ಡ ಏರು ನಮ್ಮಿಂದ ಕೇಳುವುದು ಹೆಚ್ಚಿಗೆ ಆರೇ ಆರು ನಿಮಿಷ! ಉಳಿದ ದಾರಿಗೆ ಗಂಟೆಗೆ 10 ಕಿಲೋಮೀಟರಿನಂತೆ ಸುಮಾರು 39 ನಿಮಿಷ. ತಳ್ಳಿಕೊಂಡು ಹೋದರೂ ಒಟ್ಟು 51 ನಿಮಿಷದಲ್ಲಿ ಹೈಸ್ಕೂಲು.

ದೊಡ್ಡ ದೊಡ್ಡ ಪಟುಗಳೂ ಸೈಕಲ್ ತಳ್ಳಿದ್ದಾರೆ. ಫ್ರಾನ್ಸ್ ದೇಶದ ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆ 1903ರಲ್ಲಿ ಪ್ರಾರಂಭವಾಯಿತು. 1910ರಲ್ಲಿ ಸ್ಪರ್ಧಿಗಳು 2,115 ಮೀಟರ್ ಎತ್ತರದ ಟೂರ್ಮಲೆ ಎಂಬ ಘಟ್ಟವನ್ನು ಮೊದಲ ಬಾರಿ ಹತ್ತಿದರು. ಆ ವರ್ಷ ಗೆದ್ದ ಆಕ್ಟೇವ್ ಲಾಪಿಜ್ ಅವರೂ ಆ ಘಟ್ಟದಲ್ಲಿ ಸ್ವಲ್ಪ ದೂರ ನಡೆದೇ ಹತ್ತಿದ್ದರು. ಆಗಿನ ಸ್ಪರ್ಧಿಗಳ ಸೈಕಲ್ಲಿಗೆ ಈಗಿನಂತೆ ಓಡುತ್ತಲೇ ಬದಲಾಯಿಸುವ ಗೇರು ಇರಲಿಲ್ಲ. ಆ ಸ್ಪರ್ಧೆಯಲ್ಲಿ ಅಂಥ ಗೇರಿಗೆ ಒಪ್ಪಿಗೆ ಸಿಕ್ಕಿದ್ದೇ 1937ರಲ್ಲಿ.

4. ತಿರುವು ಏಕೆ ಬೇಕು?

ನಮ್ಮ ಆಗುಂಬೆ ಘಟ್ಟವನ್ನೇ ನೋಡಿ. ಮೇಲೆ ಆಗುಂಬೆ, ಸಮುದ್ರಮಟ್ಟದಿಂದ ಸುಮಾರು 650 ಮೀಟರ್. ಬುಡದಲ್ಲಿ ಸೋಮೇಶ್ವರ. ನಡುವೆ 14 ಹೇರ್‌ಪಿನ್ ತಿರುವು. ರಸ್ತೆ ನೆಟ್ಟಗೆ ಹಾಕಿದ್ದರೆ ಯಾವ ಗಾಡಿಯೂ ಹತ್ತುತ್ತಿರಲಿಲ್ಲ. ಸುತ್ತಿ ಸುತ್ತಿ ಹೋದರೆ ದಾರಿ ಉದ್ದವಾಗುತ್ತದೆ, ಏರು ಕಡಿಮೆಯಾಗುತ್ತದೆ. ತಿರುವಿನ ಒಳಬದಿ ಮಾತ್ರ ತುಂಬಾ ಕಡಿದು. ಏಕೆಂದರೆ ಒಳಬದಿ, ಹೊರಬದಿ ಎರಡೂ ಏರುವ ಎತ್ತರ ಒಂದೇ, ಆದರೆ ಒಳಬದಿಯ ದಾರಿ ಚಿಕ್ಕದು. ಎಡಕ್ಕೆ ತಿರುಗುವ ಏರಿನಲ್ಲಿ ಉಸಿರು ಕಟ್ಟುವುದು ಇದಕ್ಕೇ. ಹಾಗೆಂದು ಬಲಗಡೆಗೆ ಹೋಗಬಾರದು, ಎದುರಿನಿಂದ ಬಸ್ಸು ಬರುತ್ತದೆ. ರಸ್ತೆ ತುಂಬ ಹಾವಿನ ಹಾಗೆ ಅಡ್ಡಾದಿಡ್ಡಿ ಹತ್ತುವುದೂ ಅಪಾಯ. ಅಂಥಲ್ಲಿ ಇಳಿದು ತಳ್ಳುವುದೇ ಸರಿ.

5. ಇಳಿಜಾರು

ಇಲ್ಲಿಯವರೆಗೆ ಹೇಳಿದ್ದು ಕಷ್ಟ. ಇನ್ನು ಹೇಳುವುದು ಅಪಾಯ. ಹೋಗುವಾಗ ಏರಾದದ್ದು ಬರುವಾಗ ಇಳಿಜಾರು. ಏರಿನಲ್ಲಿ ಸುಸ್ತಾದರೆ ನಿಲ್ಲಬಹುದು, ಇಳಿಜಾರಿನಲ್ಲಿ ನಿಲ್ಲಬೇಕು ಅಂದಾಗ ನಿಲ್ಲಲಾಗುವುದಿಲ್ಲ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಸಾಗುವ ದೂರ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ವೇಗ ಬಂದ ಮೇಲೆ ಬ್ರೇಕ್ ಹಿಡಿಯುವುದಲ್ಲ, ವೇಗ ಬಾರದ ಹಾಗೆ ಮೊದಲಿನಿಂದಲೇ ಹಿಡಿಯಬೇಕು.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಹೆಚ್ಚು ಮಳೆ. ನಮ್ಮೂರಲ್ಲೂ ಮಳೆಗೇನು ಬರವಿಲ್ಲ. ಶಾಲೆ ತೆರೆದ ಕೂಡಲೇ ಮಳೆಗಾಲ ಶುರು. ಸ್ಟೀಲಿನ ರಿಮ್ ಒದ್ದೆಯಾದರೆ ಬ್ರೇಕಿನ ರಬ್ಬರ್ ಜಾರುತ್ತದೆ, ಒಣಗಿದ್ದಾಗ ನಿಲ್ಲುವುದಕ್ಕಿಂತ ಬಹಳ ಮುಂದೆ ಹೋಗಿ ಸೈಕಲ್ ನಿಲ್ಲುತ್ತದೆ. ಅದಕ್ಕೆ ಈ ನಿಯಮಗಳನ್ನು ನೆನಪಿಡಿ.

ಅ) ಇಳಿಯುವ ಮೊದಲು ನಿಂತು ಎರಡೂ ಬ್ರೇಕ್ ಹಿಡಿದು ನೋಡಿ. ರಬ್ಬರ್ ಸವೆದಿದ್ದರೆ ಅವತ್ತು ಇಳಿದು ನಡೆಯಿರಿ.
ಆ) ಮಳೆಯಲ್ಲಿ ಬ್ರೇಕನ್ನು ಆಗಾಗ ಮೆಲ್ಲಗೆ ಹಿಡಿದು ಬಿಡಿ. ರಿಮ್ಮಿನ ನೀರು ಒರೆಸಿಹೋಗುತ್ತದೆ.
ಇ) ಎರಡೂ ಬ್ರೇಕ್ ಒಟ್ಟಿಗೆ ಬಳಸಿ. ಮುಂದಿನದನ್ನು ಮಾತ್ರ ಜೋರಾಗಿ ಹಿಡಿದರೆ ಮುಗ್ಗರಿಸುತ್ತೀರಿ.
ಈ) ತಿರುವಿನ ಮೊದಲೇ ನಿಧಾನ ಮಾಡಿ, ಬೆಲ್ ಹೊಡೆಯಿರಿ. ತಿರುವಿನ ಆಚೆ ದನ ಮಲಗಿರಬಹುದು.
ಉ) ಪಾಚಿ, ಒದ್ದೆ ತರಗೆಲೆ, ಅಡಿಕೆ ಹಾಳೆ, ಜಲ್ಲಿ ಇವುಗಳ ಮೇಲೆ ಬ್ರೇಕ್ ಹಿಡಿಯಬೇಡಿ, ಹ್ಯಾಂಡಲ್ ತಿರುಗಿಸಬೇಡಿ.
ಊ) ಒಂದು ಕೈಯಲ್ಲಿ ಕೊಡೆ ಬೇಡ. ಕೊಪ್ಪೆ ಅಥವಾ ರೈನ್‌ಕೋಟು ಹಾಕಿ. ಕೊಪ್ಪೆಯ ಅಂಚು, ದುಪಟ್ಟಾ ಗಾಲಿಗೆ ಸಿಗದಂತೆ ಬಿಗಿಯಾಗಿ ಕಟ್ಟಿ.
ಋ) ಇಳಿಜಾರಿನಲ್ಲಿ ಡಬಲ್ ಹೊಡೆಯಲೇಬೇಡಿ. 65 ಕೆಜಿ ಇದ್ದದ್ದು 105 ಆಗುತ್ತದೆ, ಬ್ರೇಕ್ ಮಾತ್ರ ಅದೇ ಇರುತ್ತದೆ.

6. ಈಗ ಮಾಡಬೇಕಾದ್ದು

ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಪ್ರಾರಂಭವಾಗಿತ್ತು. ಆಗ ಅಕ್ಕಂದಿರಿಗೆ, ಚಿಕ್ಕಮ್ಮಂದಿರಿಗೆ ಬಂದ ಸೈಕಲ್ಲುಗಳು ನಮ್ಮೂರಿನ ಎಷ್ಟೋ ಕೊಟ್ಟಿಗೆಗಳಲ್ಲಿ ಸೌದೆಗೆ ಒರಗಿಕೊಂಡು ನಿಂತಿವೆ. ಟೈರು, ಟ್ಯೂಬು, ಬ್ರೇಕ್ ರಬ್ಬರ್ ಹೊಸದು ಹಾಕಿಸಿ, ಚೈನಿಗೆ ಎಣ್ಣೆ ಬಿಟ್ಟರೆ ಅವು ಓಡುತ್ತವೆ. ಬೇಸಿಗೆ ರಜೆಯಲ್ಲಿ ನಾವೆಲ್ಲ ಗುಂಪಾಗಿ ಹೈಸ್ಕೂಲಿನವರೆಗೆ ಹೋಗಿಬಂದು ಅಭ್ಯಾಸ ಮಾಡೋಣ. ಬಿಸಿಲಿಗೆ ಬೆವರು ಹೆಚ್ಚು, ಆದ್ದರಿಂದ ಒಂದು ಬಾಟಲಿ ನೀರು, ಉಪ್ಪು ಹಾಕಿದ ಮಜ್ಜಿಗೆ ಜೊತೆಗಿರಲಿ. ಪಂಪು ಗುಂಪಿಗೆ ಒಂದು ಸಾಕು.

ಗುರುಗಳಲ್ಲಿ ಒಂದು ವಿನಂತಿ. ಪೋಷಕರ ಸಭೆಯ ದಿನ ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ತೋರಿಸಲು ನಮಗೆ ಅವಕಾಶ ಕೊಡಿ. ಆರು ನಿಮಿಷಕ್ಕಾಗಿ ಯಾರ ಓದೂ ನಿಲ್ಲಬಾರದು.

ಅಭ್ಯಾಸ
1. ನಿಮ್ಮ ಮನೆಯ ಸೈಕಲ್ಲಿನ ಮುಂದಿನ ಹಲ್ಲು, ಹಿಂದಿನ ಹಲ್ಲು ಎಣಿಸಿ. ಪೆಡಲಿನ ಒಂದು ಸುತ್ತಿಗೆ ಎಷ್ಟು ಮೀಟರ್ ಹೋಗುತ್ತದೆ?
2. ನಿಮ್ಮ ಮನೆ ಮುಂದಿನ ಏರು ಶೇಕಡಾ ಎಷ್ಟು? ನೀರಿನ ಪೈಪಿನಿಂದ ಅಳೆಯಿರಿ.
3. ಚೀಲದ ತೂಕ 5 ಕೆಜಿಯಿಂದ 3 ಕೆಜಿಗೆ ಇಳಿದರೆ ಪೆಡಲಿನ ಮೇಲಿನ ಭಾರ ಎಷ್ಟು ಇಳಿಯುತ್ತದೆ?

ಉತ್ತರ ಬರೆದ ಚೀಟಿಯನ್ನು ಗೋಡೆ ಪತ್ರಿಕೆಯ ಪೆಟ್ಟಿಗೆಗೆ ಹಾಕಿ. ಸರಿ ಉತ್ತರ ಬರೆದವರ ಹೆಸರು ಮುಂದಿನ ಸಂಚಿಕೆಯಲ್ಲಿ.

– ಏಳನೇ ತರಗತಿ ವಿದ್ಯಾರ್ಥಿನಿ