ಅಡಿಸ್ ಅಬಾಬಾ ನಗರದ ಯುವ ಸೃಷ್ಟಿಶೀಲರು: ಒಂದು ಅವಲೋಕನ

ನಗರವೊಂದರ ಬೆಳವಣಿಗೆಯನ್ನು ಅಲ್ಲಿನ ಕಟ್ಟಡಗಳ ಎತ್ತರದಿಂದ ಅಳೆಯುವುದು ಲೋಕರೂಢಿ. ಆದರೆ ಅಲ್ಲಿನ ತರುಣ ತರುಣಿಯರು ಕೈಗೆ ಸಿಕ್ಕ ಸಾಮಗ್ರಿಯಿಂದ ಏನನ್ನು ನಿರ್ಮಿಸುತ್ತಿದ್ದಾರೆ, ಹಾಗೆ ನಿರ್ಮಿಸಲು ಅವರಿಗೆ ಎಷ್ಟು ಎಡೆ ಉಳಿದಿದೆ ಎಂಬುದನ್ನೂ ನೋಡಬೇಕಾಗುತ್ತದೆ. ಈ ದೃಷ್ಟಿಯಿಂದ ಇಥಿಯೋಪಿಯದ ರಾಜಧಾನಿ ಅಡಿಸ್ ಅಬಾಬಾ ಅಧ್ಯಯನಯೋಗ್ಯವಾದ ನಗರವಾಗಿದೆ.

ಹಿನ್ನೆಲೆ

ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದ ಪ್ರಸ್ಥಭೂಮಿಯಲ್ಲಿ, ಎರಡನೆಯ ಮೆನೆಲಿಕ್ ಮತ್ತು ಆತನ ಪತ್ನಿ ತಾಯ್ತು ಅವರಿಂದ 1886ರಲ್ಲಿ ಈ ನಗರ ಸ್ಥಾಪಿತವಾಯಿತು. ಅಮ್ಹಾರಿಕ್ ಭಾಷೆಯಲ್ಲಿ ಅದರ ಹೆಸರಿಗೆ 'ಹೊಸ ಹೂವು' ಎಂದರ್ಥ. ಆಫ್ರಿಕಾ ಏಕತಾ ಸಂಘಟನೆ 1963ರಲ್ಲಿ ಜನ್ಮತಳೆದದ್ದು ಇಲ್ಲಿಯೇ. ಆ ದಶಕಗಳಲ್ಲಿ ಭಾರತದ ಅನೇಕ ಶಿಕ್ಷಕರು ಇಥಿಯೋಪಿಯದ ಶಾಲೆಗಳಲ್ಲಿ ಪಾಠ ಹೇಳಿದರೆಂಬುದನ್ನು ನಾವು ಸಂತೋಷದಿಂದ ನೆನೆಯಬಹುದು. 1974ರಿಂದ 1991ರವರೆಗಿನ ಸೈನಿಕ ಕ್ರಾಂತಿಯ ಆಡಳಿತದಲ್ಲಿ ಖಾಸಗಿ ಉದ್ಯಮವೂ ಮುಕ್ತ ಅಭಿವ್ಯಕ್ತಿಯೂ ಕುಗ್ಗಿದವು. ತದನಂತರ ಬೆಳೆದ ಪೀಳಿಗೆಯ ಸಾಧನೆಯೇ ಪ್ರಸ್ತುತ ವಿಷಯ.

ಕೆಲವು ನಿದರ್ಶನಗಳು

ಮೊದಲನೆಯದು ಪಾದರಕ್ಷೆಯ ಉದ್ಯಮ. ಇಥಿಯೋಪಿಯದ ಬಡವರು ಹಳೆಯ ಟೈರುಗಳನ್ನು ಕತ್ತರಿಸಿ ಚಪ್ಪಲಿ ಮಾಡಿಕೊಳ್ಳುವುದು ಬಹುಕಾಲದ ಪದ್ಧತಿ. ಕುಷ್ಠರೋಗ ಚಿಕಿತ್ಸಾಲಯದ ಸಮೀಪದ ಜೆನೆಬೆವರ್ಕ್ ಎಂಬ ಬಡ ಬಡಾವಣೆಯಲ್ಲಿ ಬೆಳೆದ ಬೆತ್ಲೆಹೆಮ್ ತಿಲಾಹುನ್ ಅಲೆಮು, ನೆರೆಹೊರೆಯ ನೂಲುಗಾರರೂ ನೇಕಾರರೂ ಕೆಲಸವಿಲ್ಲದೆ ಕುಳಿತಿರುವುದನ್ನು ಕಂಡು, 2004ರಲ್ಲಿ ಅದೇ ಪದ್ಧತಿಯನ್ನು ಆಧರಿಸಿ 'ಸೋಲ್‌ರೆಬೆಲ್ಸ್' ಎಂಬ ಸಂಸ್ಥೆಯನ್ನು ಆರಂಭಿಸಿದರು. ಟೈರಿನ ಅಟ್ಟೆಗೆ ಕೈಮಗ್ಗದ ಬಟ್ಟೆಯನ್ನು ಜೋಡಿಸಿದ ಆ ಪಾದರಕ್ಷೆಗಳು ಅನೇಕ ದೇಶಗಳ ಮಾರುಕಟ್ಟೆಯನ್ನು ಮುಟ್ಟಿದವು.

ಎರಡನೆಯದು ಶಿಕ್ಷಕವರ್ಗಕ್ಕೆ ಇನ್ನೂ ಸಮೀಪವಾದುದು. ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದ ಬ್ರುಕ್ತಾವಿತ್ ತಿಗಾಬು ತಮ್ಮ ಪತಿಯೊಡನೆ ಸೇರಿ, ತ್ಸೆಹೈ ಎಂಬ ಪುಟ್ಟ ಜಿರಾಫೆಯನ್ನು ಕಥಾನಾಯಕಿಯಾಗಿಸಿಕೊಂಡು, ಅಮ್ಹಾರಿಕ್ ಭಾಷೆಯಲ್ಲಿ ಮಕ್ಕಳ ದೂರದರ್ಶನ ಕಾರ್ಯಕ್ರಮವನ್ನು ರೂಪಿಸಿದರು. 2006ರಲ್ಲಿ ಪ್ರಸಾರವಾಗತೊಡಗಿದ ಅದರ ಗೊಂಬೆಗಳನ್ನು ಮೊದಲಿಗೆ ಕಾಲುಚೀಲಗಳಿಂದಲೇ ಮಾಡಲಾಗಿತ್ತು. ಅಕ್ಷರವನ್ನೂ ಆರೋಗ್ಯದ ನಿಯಮಗಳನ್ನೂ ಮಕ್ಕಳು ಅಲ್ಲಿ ಆಟವಾಡುತ್ತ ಕಲಿತರು. ಅಮ್ಹಾರಿಕ್ ಲಿಪಿಯಲ್ಲಿ ಒಂದೊಂದು ವ್ಯಂಜನಕ್ಕೂ ಸ್ವರಭೇದಕ್ಕನುಸಾರವಾಗಿ ಏಳು ರೂಪಗಳಿವೆ. ಕನ್ನಡದ ಕಾಗುಣಿತವನ್ನು ಬಲ್ಲವರಿಗೆ ಈ ಕ್ರಮ ಅಪರಿಚಿತವೆನಿಸದು.

ಮೂರನೆಯದು ಕಲೆಯ ಕ್ಷೇತ್ರ. ಛಾಯಾಚಿತ್ರಕಲಾವಿದೆ ಆಯಿದಾ ಮುಲುನೆ 2010ರಲ್ಲಿ ಅಂತರರಾಷ್ಟ್ರೀಯ ಛಾಯಾಚಿತ್ರೋತ್ಸವವೊಂದನ್ನು ಈ ನಗರದಲ್ಲಿ ಆರಂಭಿಸಿ, ಕಿರಿಯ ಛಾಯಾಗ್ರಾಹಕರಿಗೆ ವೇದಿಕೆಯೊದಗಿಸಿದರು. ಹಿರಿಯ ಕಲಾವಿದ ಎಲಿಯಾಸ್ ಸಿಮೆ, ಎಸೆಯಲ್ಪಟ್ಟ ವಿದ್ಯುನ್ಮಾನ ಯಂತ್ರಗಳ ತಂತಿ-ಫಲಕಗಳಿಂದ ಬೃಹತ್ ಕೃತಿಗಳನ್ನು ರಚಿಸಿ ವಿಶ್ವಖ್ಯಾತರಾದರು. ಅವರೂ ಮೆಸ್ಕೆರೆಮ್ ಅಸ್ಸೆಗುಯೆದ್ ಅವರೂ ಕೂಡಿ ಕಟ್ಟಿದ ಜೋಮಾ ವಸ್ತುಸಂಗ್ರಹಾಲಯ 2019ರಲ್ಲಿ ತೆರೆಯಿತು. ಮಣ್ಣು, ಹುಲ್ಲು, ಕೋಲುಗಳ ದೇಶೀ ವಿಧಾನದಿಂದ ಎದ್ದ ಆ ಗೋಡೆಗಳ ನಡುವೆ ಗ್ರಂಥಾಲಯ, ತರಕಾರಿಯ ತೋಟ, ಮಕ್ಕಳ ಶಾಲೆಗಳಿಗೂ ಸ್ಥಾನ ದೊರೆಯಿತು.

ಎದುರಾದ ಸಮಸ್ಯೆ

ಮೇಲಿನ ಸಾಹಸಗಳಲ್ಲಿ ಕಚ್ಚಾವಸ್ತು ಹೊರಗಿನಿಂದ ಬರಲಿಲ್ಲ; ಸವೆದ ಟೈರು, ತಾಯ್ನುಡಿ, ಕಾಲಡಿಯ ಮಣ್ಣು, ನೆರೆಯವರ ಕೈಚಳಕ ಇವೇ ಮೂಲಧನವಾದವು. ಆದರೆ ಇಂತಹ ಮೂಲಧನ ಬಡಾವಣೆಗಳಲ್ಲಿ ಜನರೊಡನೆ ನೆಲೆಸಿರುತ್ತದೆ. 2005ರ ಸುಮಾರಿನಿಂದ ಸರ್ಕಾರ ನಗರದ ಅಂಚಿನಲ್ಲಿ ಬಹುಮಹಡಿ ವಸತಿಗಳನ್ನು ದೊಡ್ಡ ಪ್ರಮಾಣದಲ್ಲಿ ಕಟ್ಟಿಸಿತು. 2015ರಲ್ಲಿ ನಗರ ರೈಲು ಓಡಲಾರಂಭಿಸಿತು. 2024ರಲ್ಲಿ ರಸ್ತೆ ವಿಸ್ತರಣೆ ಹಾಗೂ ಸೌಂದರ್ಯೀಕರಣದ ಯೋಜನೆಗಾಗಿ ಪಿಯಾಸಾ ಎಂಬ ಪುರಾತನ ಬಡಾವಣೆಯ ಬಹುಭಾಗ ನೆಲಸಮವಾಯಿತು. ವಿಶಾಲ ಮಾರ್ಗ, ಪಾದಚಾರಿ ಪಥ, ದೀಪಗಳು ಬಂದದ್ದು ನಿಜ. ಅಲ್ಲಿ ವಾಸವಾಗಿದ್ದ ಕುಟುಂಬಗಳು ದೂರದ ಅಂಚಿಗೆ ಹೋಗಬೇಕಾಗಿ ಬಂದದ್ದೂ ಅಷ್ಟೇ ನಿಜ. ದರ್ಜಿಯೂ ಚಮ್ಮಾರನೂ ನೇಕಾರನೂ ಒಂದೇ ಕೇರಿಯಲ್ಲಿದ್ದಾಗ ಸಾಧ್ಯವಾದ ಕೂಡುಕೆಲಸ, ಅವರು ಬೇರೆಬೇರೆ ದಿಕ್ಕುಗಳಿಗೆ ಚದುರಿದ ಮೇಲೆ ದುಸ್ಸಾಧ್ಯವಾಗುತ್ತದೆ. ಇದಲ್ಲದೆ 2020ರ ಮಧ್ಯಭಾಗದಲ್ಲಿ ರಾಜಕೀಯ ಗಲಭೆಯ ಕಾರಣ ಅಂತರ್ಜಾಲ ಸಂಪರ್ಕ ಕೆಲವು ವಾರ ಸ್ಥಗಿತಗೊಂಡಾಗ, ಅದನ್ನೇ ನಂಬಿದ್ದ ಯುವ ಉದ್ಯಮಿಗಳು ಪಟ್ಟ ಪಾಡು ಅಲ್ಪವಲ್ಲ.

ಶಿಕ್ಷಣದ ದೃಷ್ಟಿಯಿಂದ

ಈ ವೃತ್ತಾಂತದಿಂದ ಶಿಕ್ಷಕರೂ ಪೋಷಕ ಮಹನೀಯರೂ ಎರಡು ಅಂಶಗಳನ್ನು ಮನಗಾಣಬಹುದು. ಒಂದು, ಕೈಕೆಲಸವನ್ನೂ ತಾಯ್ನುಡಿಯನ್ನೂ ಬಡತನದ ಗುರುತೆಂದು ಕಾಣದ ಮನಸ್ಸನ್ನು ಬಾಲ್ಯದಲ್ಲಿಯೇ ಬೆಳೆಸಬೇಕು. ಟೈರಿನ ಚಪ್ಪಲಿಯನ್ನು ಕಂಡು ನಾಚುವವನಿಂದ ಆ ಉದ್ಯಮ ಹುಟ್ಟುತ್ತಿರಲಿಲ್ಲ. ಎರಡು, ಪ್ರತಿಭೆಗೆ ಬಹುಮಾನಕ್ಕಿಂತ ಮೊದಲು ನೆಲೆ ಬೇಕು. ಒಂದು ಕೊಠಡಿ, ಕೆಲವು ಉಪಕರಣಗಳು, ಜೊತೆಗೆ ಕೂಡಿ ದುಡಿಯುವ ನಾಲ್ಕು ಜನ ಇಷ್ಟಿದ್ದರೆ ತರುಣರು ಮುಂದಿನ ದಾರಿಯನ್ನು ತಾವೇ ಕಂಡುಕೊಳ್ಳುತ್ತಾರೆ. 'ಹೊಸ ಹೂವು' ಎಂಬ ಹೆಸರಿನ ನಗರ ತನ್ನ ವಿಶಾಲ ಬೀದಿಗಳ ಬದಿಯಲ್ಲಿ ಇಂತಹ ನೆಲೆಗಳನ್ನು ಎಷ್ಟರಮಟ್ಟಿಗೆ ಉಳಿಸಿಕೊಳ್ಳುವುದೆಂಬುದರ ಮೇಲೆ ಆ ಪೀಳಿಗೆಯ ಮುಂದಿನ ಸಾಧನೆ ಅವಲಂಬಿಸಿದೆ.