ಸ್ನೋಬ್ಲೋವರ್ ಕೊಳ್ಳುವ ಮುನ್ನ ಒಂದು ಚಳಿಗಾಲದ ಲೆಕ್ಕ

ಸಾಮಾನ್ಯವಾಗಿ ಇಲ್ಲಿ 401ಕೆ, ಇಂಡೆಕ್ಸ್ ಫಂಡ್, ಎನ್‌ಆರ್‌ಇ ಖಾತೆ ಅಂತ ಬರೆಯುತ್ತಿರುತ್ತೇನೆ. ಈ ಸಲ ನಮ್ಮ ಗ್ಯಾರೇಜಿನಲ್ಲಿ ನಿಂತಿರುವ ಒಂದು ಯಂತ್ರದ ಲೆಕ್ಕ. ಹೊಸದಾಗಿ ಮನೆ ಕೊಂಡು ಮೊದಲ ಚಳಿಗಾಲಕ್ಕೆ ಕಾಯುತ್ತಿರುವವರಿಗೆ ಉಪಯೋಗಕ್ಕೆ ಬಂದೀತು.

ನಾವಿರುವುದು ಬಫಲೋ ನಗರದ ದಕ್ಷಿಣದ ಹೊರವಲಯದಲ್ಲಿ. ಏರಿ ಸರೋವರದ ನೀರು ಇನ್ನೂ ಬೆಚ್ಚಗಿರುವಾಗ ಅದರ ಮೇಲೆ ಥಂಡಿ ಗಾಳಿ ಬೀಸಿದರೆ, ಆ ತೇವವನ್ನೆಲ್ಲ ಹೊತ್ತು ತಂದು ನಮ್ಮ ಮೇಲೆ ಸುರಿಯುತ್ತದೆ. ಬಫಲೋದಲ್ಲಿ ವರ್ಷಕ್ಕೆ ಸರಾಸರಿ 95 ಇಂಚಿನ ಆಸುಪಾಸು ಹಿಮ. 2022ರ ನವೆಂಬರ್‌ನಲ್ಲಿ ಆರ್ಚರ್ಡ್ ಪಾರ್ಕ್ ಕಡೆ ಒಂದೇ ಬಿರುಗಾಳಿಗೆ ಸುಮಾರು 80 ಇಂಚು ಬಿದ್ದಿತ್ತು.

2019ರಲ್ಲಿ ಮನೆ ಕೊಂಡಾಗ ಡೌನ್ ಪೇಮೆಂಟ್ ಕಟ್ಟಿ ಕೈ ಖಾಲಿಯಾಗಿತ್ತು. ಅಂಗಡಿಯಲ್ಲಿದ್ದ ಅತಿ ಅಗ್ಗದ ಸ್ನೋಬ್ಲೋವರನ್ನು 480 ಡಾಲರ್‌ಗೆ ತಂದೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಿದ್ದೇನೆ ಅಂತ ಸಮಾಧಾನ ಬೇರೆ! ಎರಡನೇ ವರ್ಷ ಕಾರ್ಬ್ಯುರೇಟರ್ ಕಟ್ಟಿಕೊಂಡಿತು, ಬೆಲ್ಟ್ ಹರಿಯಿತು. ರಿಪೇರಿಗೆ 130 ಡಾಲರ್ ಹೋಯಿತು. ಮೂರನೇ ಚಳಿಗಾಲದಲ್ಲಿ, ರಸ್ತೆಯ ಪ್ಲೋ ನಮ್ಮ ಡ್ರೈವ್‌ವೇ ಬಾಯಿಗೆ ತಳ್ಳಿ ಹೋಗಿದ್ದ ಗಟ್ಟಿ ರಾಶಿಗೆ ನುಗ್ಗಿಸಿದಾಗ ಅದರ ಪ್ಲಾಸ್ಟಿಕ್ ಕವಚವೇ ಸೀಳಿತು.

ಆಗ ಹೆಂಡತಿಯ ಬಾಣಂತನಕ್ಕೆಂದು ಅತ್ತೆ, ಮಾವ ಹಾಸನದಿಂದ ಬಂದಿದ್ದರು. ಮಾರನೇ ಬೆಳಿಗ್ಗೆ ಮತ್ತೆ ಹಿಮ. "ಅಳಿಯಂದ್ರೇ, ನೀವು ಮೀಟಿಂಗ್ ಮುಗಿಸ್ಕಳಿ, ನಾನು ಒಂದಿಷ್ಟು ಎಳೀತೀನಿ" ಅಂತ ಮಾವ ಸಲಿಕೆ ಹಿಡಿದು ಹೊರಟರು. ಇಪ್ಪತ್ತು ನಿಮಿಷದ ಮೇಲೆ ಕಿಟಕಿಯಿಂದ ನೋಡಿದರೆ, ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಿದ್ದಾರೆ. 911ಕ್ಕೆ ಕರೆ, ಆಸ್ಪತ್ರೆ, ಇಸಿಜಿ. ಪುಣ್ಯಕ್ಕೆ ಅದು ಸ್ನಾಯು ಸೆಳೆತ ಮಾತ್ರ. ಆದರೆ ಅವರಿಗೆ 68 ವರ್ಷ. ಥಂಡಿಗೆ ರಕ್ತನಾಳಗಳು ಬಿಗಿಯುತ್ತವೆ, ಅದರ ಮೇಲೆ ಒದ್ದೆ ಹಿಮ ಎತ್ತಿದರೆ ಹೃದಯಕ್ಕೆ ಭಾರೀ ಹೊರೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಎಚ್ಚರಿಸುತ್ತಲೇ ಇರುವ ವಿಷಯ ನನಗೆ ಗೊತ್ತಾಗಿದ್ದು ಹೀಗೆ. ವಿಸಿಟರ್ ಇನ್ಶೂರೆನ್ಸ್‌ನ 250 ಡಾಲರ್ ಡಿಡಕ್ಟಿಬಲ್ ಕಟ್ಟುವಾಗ, ಇದೂ ಆ ಅಗ್ಗದ ಯಂತ್ರದ ಬೆಲೆಯೇ ಅನ್ನಿಸಿತು.

ಲೆಕ್ಕ ಹಾಕುವ ರೀತಿ

ಕೊಂಡ ಬೆಲೆಗೆ ರಿಪೇರಿ ಖರ್ಚು ಸೇರಿಸಿ. ಮಾರಿದರೆ ಬರುವ ಹಣ ಕಳೆಯಿರಿ. ಉಳಿದಿದ್ದನ್ನು ಚಳಿಗಾಲಗಳ ಸಂಖ್ಯೆಯಿಂದ ಭಾಗಿಸಿ.

ಮೊದಲ ಯಂತ್ರ: 480 + 130 = 610 ಡಾಲರ್. ಗುಜರಿಗೆ ಹೋಯಿತು, ಹಾಗಾಗಿ ಮರಳಿ ಬಂದದ್ದು ಸೊನ್ನೆ. ಮೂರು ಚಳಿಗಾಲಕ್ಕೆ ಹಂಚಿದರೆ ತಲಾ ಸುಮಾರು 203.

ಎರಡನೆಯದು: 2022ರ ಮೇ ತಿಂಗಳಲ್ಲಿ ಕೊಂಡ, ಸುಮಾರು ಹತ್ತು ವರ್ಷ ಹಳೆಯ, 24 ಇಂಚಿನ ಟೂ ಸ್ಟೇಜ್ ಯಂತ್ರ. ಬೆಲೆ 600. ಬೆಲ್ಟ್ ಮತ್ತು ತಳದ ಸವೆದ ಪಟ್ಟಿಗೆ 90. ಆಮೇಲೆ ಆಯಿಲ್, ಪ್ಲಗ್ ಅಂತ ವರ್ಷಕ್ಕೆ 30. ನಾಲ್ಕು ಚಳಿಗಾಲಕ್ಕೆ ಒಟ್ಟು 810, ಅಂದರೆ ತಲಾ ಸುಮಾರು 203. ಎರಡೂ ಒಂದೇ ಆಯಿತಲ್ಲ ಅನ್ನಬೇಡಿ. ಇದನ್ನು ಇವತ್ತು ಮಾರಿದರೂ 400 ಬರುತ್ತದೆ. ಅದನ್ನು ಕಳೆದರೆ ಚಳಿಗಾಲಕ್ಕೆ ಬೀಳುವುದು ಸುಮಾರು 103 ಮಾತ್ರ. ಪ್ಲೋ ಕಾಂಟ್ರಾಕ್ಟರ್ ನಮಗೆ ಹೇಳಿದ್ದು ಚಳಿಗಾಲಕ್ಕೆ 550.

ಯಾವುದು ಯಾರಿಗೆ?

ಸಿಂಗಲ್ ಸ್ಟೇಜ್‌ನಲ್ಲಿ ತಿರುಗುವ ಒಂದೇ ಅಲಗು ಹಿಮವನ್ನು ಎಳೆದು ತಾನೇ ಎಸೆಯುತ್ತದೆ. ಅದು ನೆಲಕ್ಕೆ ತಾಗುವುದರಿಂದ ಜಲ್ಲಿ ಹಾಸಿದ ಡ್ರೈವ್‌ವೇಗೆ ಆಗದು. ಆರೇಳು ಇಂಚಿನ ಹಗುರ ಹಿಮ, ಸಣ್ಣ ಡ್ರೈವ್‌ವೇ ಆದರೆ ಇದೇ ಸಾಕು, ಬ್ಯಾಟರಿಯದ್ದೂ ನಡೆಯುತ್ತದೆ. ಟೂ ಸ್ಟೇಜ್‌ನಲ್ಲಿ ಮುಂದಿನ ಸುರುಳಿ ಹಿಮ ಒಳಗೆಳೆಯುತ್ತದೆ, ಹಿಂದಿನ ಫ್ಯಾನ್ ದೂರಕ್ಕೆ ಎಸೆಯುತ್ತದೆ, ಚಕ್ರಗಳನ್ನು ಇಂಜಿನ್ನೇ ತಿರುಗಿಸುತ್ತದೆ. ಪ್ಲೋ ಬಿಟ್ಟು ಹೋದ ಗಟ್ಟಿ ರಾಶಿಗೆ ಇದೇ ಬೇಕು. ಎರಡು ಕಾರಿನ ಡ್ರೈವ್‌ವೇಗೆ 24 ಇಂಚು ಅಗಲ ಧಾರಾಳ.

ಸೆಕೆಂಡ್ ಹ್ಯಾಂಡ್ ನೋಡಲು ಹೋದಾಗ

1. ನೀವು ಹೋಗುವ ಮೊದಲು ಸ್ಟಾರ್ಟ್ ಮಾಡಬೇಡಿ ಅಂತ ಮಾರುವವರಿಗೆ ಹೇಳಿ. ತಣ್ಣಗಿರುವ ಇಂಜಿನ್ ನಿಮ್ಮ ಎದುರೇ ಹತ್ತಬೇಕು.

2. ಸುರುಳಿಯಲ್ಲಿರುವ ಶಿಯರ್ ಪಿನ್ ನೋಡಿ. ಕಲ್ಲು ಸಿಕ್ಕಿದರೆ ಅದು ತುಂಡಾಗಿ ಗೇರ್ ಬಾಕ್ಸ್ ಉಳಿಸಬೇಕು. ಬೇಕೆಂದೇ ಮೆತ್ತಗೆ ಮಾಡಿರುತ್ತಾರೆ. ಅದರ ಜಾಗದಲ್ಲಿ ಗಟ್ಟಿ ಬೋಲ್ಟ್ ಹಾಕಿದ್ದರೆ ಗೇರ್ ಪೆಟ್ಟು ತಿಂದಿರಬಹುದು. ಬಿಟ್ಟು ಬನ್ನಿ.

3. ಗೇರ್ ಬಾಕ್ಸ್ ಎರಕದ ಕಬ್ಬಿಣದ್ದೇ, ಹಿಮ ಎಸೆಯುವ ಕೊಳವೆ ಉಕ್ಕಿನದೇ ಅಂತ ಕೇಳಿ. ಮೇಲೆ ತುಕ್ಕಿದ್ದರೆ ಪರವಾಗಿಲ್ಲ, ತೂತು ಬಿದ್ದಿರಬಾರದು.

4. ಮಾಡೆಲ್ ನಂಬರ್ ಬರೆದುಕೊಂಡು ಬಿಡಿಭಾಗ ಸಿಗುತ್ತದೆಯೇ ಹುಡುಕಿ. 1960ರಿಂದ ಸ್ನೋಬ್ಲೋವರ್ ಮಾಡುತ್ತಿರುವ ವಿಸ್ಕಾನ್ಸಿನ್‌ನ ಏರಿಯನ್ಸ್, ಇಲ್ಲವೇ ಟೋರೋ, ಹೋಂಡಾ ಆದರೆ ಹುಡುಕಾಟ ಸುಲಭ.

5. ಕೊಳ್ಳುವುದು ಏಪ್ರಿಲ್, ಮೇ ತಿಂಗಳಲ್ಲಿ. ಮೊದಲ ಹಿಮ ಬಿದ್ದ ಮೇಲೆ ಚೌಕಾಸಿ ನಡೆಯದು.

ಬಾಳಿಕೆ ನಮ್ಮ ಕೈಯಲ್ಲೂ ಇದೆ

ನನ್ನ ಮೊದಲ ಯಂತ್ರದ ಕಾರ್ಬ್ಯುರೇಟರ್ ಕಟ್ಟಿಕೊಂಡಿದ್ದಕ್ಕೆ ನಾನೇ ಕಾರಣ. ಬೇಸಿಗೆಯಿಡೀ ಹಳೆ ಪೆಟ್ರೋಲ್ ಒಳಗೇ ಬಿಟ್ಟಿದ್ದೆ. ಅದು ಅಂಟಾಗಿ ಕೂತಿತ್ತು. ಈಗ ನಮ್ಮದೇ ಪಂಚಾಂಗ. ಯುಗಾದಿ ಕಳೆದು ಹಿಮ ಪೂರ್ತಿ ನಿಂತ ಮೇಲೆ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನಾಗಿ ನಿಲ್ಲುವ ತನಕ ಹೊರಗೆ ಓಡಿಸುತ್ತೇನೆ. ಆಯುಧಪೂಜೆಯ ಹಿಂದಿನ ದಿನ ಆಯಿಲ್ ಬದಲಿಸಿ, ಬೆಲ್ಟ್ ನೋಡಿ, ಎರಡು ಶಿಯರ್ ಪಿನ್ ಹೆಚ್ಚಿಗೆ ತಂದಿಡುತ್ತೇನೆ. ಮಾರನೇ ದಿನ ಕಾರಿನ ಜೊತೆ ಇದಕ್ಕೂ ಕುಂಕುಮ.

ಎರಡು ಮಾತು ಮರೆಯಬೇಡಿ. ಕೊಳವೆ ಕಟ್ಟಿಕೊಂಡರೆ ಇಂಜಿನ್ ನಿಲ್ಲಿಸಿ, ಕೋಲಿನಿಂದ ತೆಗೆಯಿರಿ. ನಿಂತ ಮೇಲೂ ಅಲಗು ಸಿಡಿದು ತಿರುಗಬಹುದು, ಕೈ ಹಾಕಲೇಬೇಡಿ. ಗ್ಯಾರೇಜಿನೊಳಗೆ ಓಡಿಸಬೇಡಿ, ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಹೋದ ವರ್ಷ ಮಾವ ಮತ್ತೆ ಬಂದಿದ್ದರು. ಹಿಮ ಬಿದ್ದ ಬೆಳಿಗ್ಗೆ ಕಾಫಿ ಲೋಟ ಹಿಡಿದು, ಮೊಮ್ಮಗಳ ಜೊತೆ ಕಿಟಕಿಯಲ್ಲಿ ನಿಂತು ಯಂತ್ರ ಓಡುವುದನ್ನು ನೋಡಿದರು. ಸಲಿಕೆ ಎಲ್ಲಿದೆ ಅಂತ ಕೇಳಲಿಲ್ಲ. ಕೇಳಿದ್ದರೂ ನಾನು ಹೇಳುತ್ತಿರಲಿಲ್ಲ.