ಹಣ ಎರಡು ಸಲ ಕಟ್ ಆಗಬಾರದು: ಎಪಿಐ ವಿನ್ಯಾಸದ ಒಂದು ಪಾಠ

ಇವತ್ತಿನ ವಿಷಯ ಎಪಿಐ. ಸಾಫ್ಟ್‌ವೇರ್ ಕೆಲಸದಲ್ಲಿರೋರಿಗೆ ಇದು ದಿನಬಳಕೆಯ ಪದ. ಉಳಿದವರಿಗಾಗಿ ಮೊದಲು ಒಂದು ಸಣ್ಣ ಪರಿಚಯ.

ಬೆಂಗಳೂರಿನ ದರ್ಶಿನಿಯನ್ನ ನೆನಪು ಮಾಡ್ಕೊಳ್ಳಿ. ಕ್ಯಾಶ್ ಕೌಂಟರಿನಲ್ಲಿ ದುಡ್ಡು ಕೊಟ್ಟು ಟೋಕನ್ ತಗೊಳ್ತೀರಿ. ಅದನ್ನ ಪಕ್ಕದ ಕೌಂಟರಿಗೆ ಕೊಟ್ರೆ ದೋಸೆ ಬರುತ್ತೆ. ಒಳಗೆ ಹಿಟ್ಟು ಯಾರು ರುಬ್ಬಿದ್ರು ಅನ್ನೋದು ನಿಮಗೆ ಗೊತ್ತಿರಬೇಕಾಗಿಲ್ಲ. ಏನು ಕೇಳಬಹುದು, ಹೇಗೆ ಕೇಳಬೇಕು, ಏನು ಸಿಗುತ್ತೆ, ಇಷ್ಟು ಗೊತ್ತಿದ್ರೆ ಸಾಕು. ಒಂದು ಪ್ರೋಗ್ರಾಂ ಇನ್ನೊಂದರಿಂದ ಕೆಲಸ ಮಾಡಿಸಿಕೊಳ್ಳೋ ಇಂಥ ಕೌಂಟರೇ ಎಪಿಐ.

ಒಳ್ಳೆಯ ಕೌಂಟರ್ ಹೇಗಿರಬೇಕು ಅನ್ನೋದಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದ ಒಂದು ಉದಾಹರಣೆ ನೋಡೋಣ. ಐರ್ಲೆಂಡಿನಿಂದ ಬಂದ ಸಹೋದರರಾದ ಪ್ಯಾಟ್ರಿಕ್ ಮತ್ತು ಜಾನ್ ಕಾಲಿಸನ್ 2010ರಲ್ಲಿ ಸ್ಟ್ರೈಪ್ ಕಂಪನಿ ಶುರು ಮಾಡಿದರು. 2011ರಲ್ಲಿ ಅದು ಎಲ್ಲರಿಗೂ ತೆರೆಯಿತು. ಅದಕ್ಕೂ ಮೊದಲು ಒಂದು ಚಿಕ್ಕ ವೆಬ್‌ಸೈಟ್ ಕಾರ್ಡ್ ಮೂಲಕ ಹಣ ಪಡೆಯಬೇಕಾದರೆ ಬ್ಯಾಂಕಿನಲ್ಲಿ ವ್ಯಾಪಾರಿ ಖಾತೆ, ಪಾವತಿ ಗೇಟ್‌ವೇ, ಕಾಗದಪತ್ರ ಅಂತ ಅಲೆದಾಟ ಬಹಳ ಇತ್ತು. ಸ್ಟ್ರೈಪ್ ಇದನ್ನ ಕೆಲವೇ ಸಾಲುಗಳ ಕೋಡ್‌ಗೆ ಇಳಿಸಿತು. ನಿಜವಾದ ಹಣ ಮುಟ್ಟದೆ ಪ್ರಯೋಗ ಮಾಡಲು ಪರೀಕ್ಷೆಯ ಕೀಲಿ, ಪರೀಕ್ಷೆಯ ಕಾರ್ಡ್ ನಂಬರನ್ನೂ ಕೊಟ್ಟಿತು.

ಎಪಿಐ ಸುಲಭ ಅಂದ್ರೆ ಇಷ್ಟೇನಾ? ಎಲ್ಲ ಸರಿಯಾಗಿ ನಡೆಯುವಾಗ ಯಾವ ಕೌಂಟರೂ ಚೆನ್ನಾಗೇ ಕಾಣುತ್ತೆ. ಏನಾದರೂ ಕೆಟ್ಟಾಗಲೇ ಅದರ ನಿಜವಾದ ಗುಣ ಗೊತ್ತಾಗೋದು.

ಒಬ್ಬರು ಫೋನಿನಲ್ಲಿ ಮನೆ ಬಾಡಿಗೆ ಕಟ್ಟುತ್ತಿದ್ದಾರೆ ಅಂದುಕೊಳ್ಳಿ. ಬಟನ್ ಒತ್ತಿದರು, ಅಷ್ಟರಲ್ಲಿ ನೆಟ್‌ವರ್ಕ್ ಹೋಯ್ತು, ಉತ್ತರ ಬರಲಿಲ್ಲ. ಕೋರಿಕೆ ಸರ್ವರ್‌ಗೆ ತಲುಪಲೇ ಇಲ್ಲವೇ? ತಲುಪಿ ಅರ್ಧಕ್ಕೆ ನಿಂತಿತೇ? ಅಥವಾ ಹಣ ಕಟ್ ಆಗಿ, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಯಿತೇ? ಹೊರಗಿನಿಂದ ನೋಡಿದರೆ ಮೂರೂ ಒಂದೇ ಥರ ಕಾಣುತ್ತವೆ. ಮತ್ತೆ ಕೇಳದಿದ್ದರೆ ಬಾಡಿಗೆ ಬಾಕಿ ಉಳಿಯಬಹುದು. ಮತ್ತೆ ಕೇಳಿದರೆ ಎರಡು ಬಾಡಿಗೆ ಕಟ್ ಆಗಬಹುದು.

ಇದಕ್ಕೆ ಸ್ಟ್ರೈಪ್ ಕೊಟ್ಟ ಪರಿಹಾರ ನಮ್ಮ ದರ್ಶಿನಿ ಟೋಕನ್‌ನಂಥದ್ದೇ. ಕೋರಿಕೆಯ ಜೊತೆ ಬೇರೆಲ್ಲೂ ಬಳಸದ ಒಂದು ಗುರುತನ್ನ ಕಳಿಸಬಹುದು. ಇದಕ್ಕೆ ಐಡೆಂಪೊಟೆನ್ಸಿ ಕೀ ಅಂತಾರೆ. ಸರ್ವರ್ ಆ ಗುರುತಿನ ಜೊತೆ ಮೊದಲ ಉತ್ತರವನ್ನ ಬರೆದಿಟ್ಟುಕೊಳ್ಳುತ್ತೆ. ಅದೇ ಗುರುತು ಮತ್ತೆ ಬಂದರೆ ಹೊಸದಾಗಿ ಹಣ ಕಟ್ ಮಾಡದೆ, ಹಳೆಯ ಉತ್ತರವನ್ನೇ ವಾಪಸ್ ಕೊಡುತ್ತೆ. ಹಾಗಾಗಿ ಎಷ್ಟು ಸಲ ಕೇಳಿದರೂ ಕಟ್ಟಿದ್ದು ಒಂದೇ ಬಾಡಿಗೆ.

ಪ್ರಾಡಕ್ಟ್ ಮ್ಯಾನೇಜರ್‌ನ ಪಾತ್ರ ಇಲ್ಲೇ ಬರೋದು. ಎಪಿಐನ ಬಳಕೆದಾರ ಯಾರು ಅಂತ ಕೇಳಿದರೆ, ಕೋಡ್ ಬರೆಯೋ ಇಂಜಿನಿಯರ್ ಅಂತ ಥಟ್ಟನೆ ಹೇಳಿಬಿಡ್ತೀವಿ. ಆದರೆ ಆ ಇಂಜಿನಿಯರ್ ಹಿಂದೆ ಒಬ್ಬ ವ್ಯಾಪಾರಿ, ಆ ವ್ಯಾಪಾರಿಯ ಹಿಂದೆ ಸಂಬಳ ಎಣಿಸಿ ಬಾಡಿಗೆ ಕಟ್ಟೋ ಒಬ್ಬ ಗ್ರಾಹಕ ಇರ್ತಾರೆ. ನೆಟ್‌ವರ್ಕ್ ಹೋಗೋದು ಯಾರ ತಪ್ಪೂ ಅಲ್ಲ. ಆದರೆ ಅದರ ಹೊರೆ ಯಾರ ತಲೆ ಮೇಲೆ ಬೀಳಬೇಕು ಅನ್ನೋದನ್ನ ವಿನ್ಯಾಸ ಮಾಡೋರೇ ತೀರ್ಮಾನ ಮಾಡ್ತಾರೆ.

ಹೆಸರಿಡೋದರಲ್ಲೂ ಇದೇ ಪ್ರಶ್ನೆ ಇದೆ. ಸ್ಟ್ರೈಪ್‌ನಲ್ಲಿ ಮೊತ್ತವನ್ನ ಸಾಮಾನ್ಯವಾಗಿ ಆಯಾ ನಾಣ್ಯದ ಅತಿ ಚಿಕ್ಕ ಘಟಕದಲ್ಲಿ ಹೇಳಬೇಕು. 500 ರೂಪಾಯಿಗೆ 50000 ಪೈಸೆ. ಜಪಾನಿನ ಯೆನ್‌ಗೆ ಚಿಲ್ಲರೆ ಇಲ್ಲ, ಹಾಗಾಗಿ 500 ಯೆನ್‌ಗೆ 500. ಇದಕ್ಕೆ ಕಾರಣ ಇದೆ: ಕಂಪ್ಯೂಟರಿನ ದಶಮಾಂಶ ಲೆಕ್ಕದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ನುಸುಳುತ್ತೆ, ಪೂರ್ಣಾಂಕದಲ್ಲಿ ಆ ಕಾಟ ಇಲ್ಲ. ಆದರೆ ಆ ಜಾಗದ ಹೆಸರು ಬರೀ 'ಅಮೌಂಟ್'. ದಾಖಲೆ ಓದದವನು 500 ಅಂತ ಕಳಿಸಿದರೆ ವ್ಯಾಪಾರಿಗೆ ಬರೋದು ಐದೇ ರೂಪಾಯಿ! ಹೊಸದಾಗಿ ಎಪಿಐ ಮಾಡೋರು ಘಟಕವನ್ನ ಹೆಸರಿನಲ್ಲೇ ಸೇರಿಸಿ 'ಅಮೌಂಟ್ ಇನ್ ಪೈಸಾ' ಅಂದುಬಿಟ್ಟರೆ ಈ ಗೊಂದಲ ಹುಟ್ಟೋದೇ ಇಲ್ಲ.

ಇನ್ನು ಬದಲಾವಣೆ. ಆ್ಯಪ್‌ನ ಬಟನ್ ಜಾಗ ಬದಲಾದರೆ ಜನ ಹುಡುಕಿಕೊಳ್ತಾರೆ. ಎಪಿಐ ಬದಲಾದರೆ ಅದನ್ನ ನಂಬಿದ ಕೋಡ್ ಹುಡುಕೋದಿಲ್ಲ, ಮುರಿದುಬೀಳುತ್ತೆ. ಅದಕ್ಕೇ ಸ್ಟ್ರೈಪ್ ತನ್ನ ಆವೃತ್ತಿಗಳಿಗೆ ದಿನಾಂಕದ ಹೆಸರಿಟ್ಟು, ಗ್ರಾಹಕರ ಮೊದಲ ಕೋರಿಕೆ ಬಂದ ಕಾಲದ ಆವೃತ್ತಿಯನ್ನೇ ಅವರ ಖಾತೆಗೆ ಗಟ್ಟಿ ಮಾಡಿತು. 2011ರ ಆವೃತ್ತಿಯ ಕೋಡ್ ಕೂಡ ಕೆಲಸ ಮಾಡುತ್ತೆ ಅಂತ 2017ರಲ್ಲಿ ಕಂಪನಿ ಹೇಳಿತ್ತು. ಹಳೆಯದನ್ನ ಹೊತ್ತುಕೊಂಡು ಹೋಗೋದು ಖರ್ಚಿನ ಕೆಲಸವೇ. ಆದರೆ ಆ ಖರ್ಚನ್ನ ಒಂದೇ ಕಡೆ ಭರಿಸದಿದ್ದರೆ, ಬಳಸುವ ಪ್ರತಿಯೊಬ್ಬರೂ ತಮ್ಮ ತಮ್ಮ ಕೋಡ್ ತಿದ್ದುತ್ತಾ ಕೂರಬೇಕು.

ನೀವು ಸ್ಯಾನ್ ಹೋಸೆಯಲ್ಲಿರಲಿ, ಹುಬ್ಬಳ್ಳಿಯಲ್ಲಿರಲಿ, ಈ ವಾರ ಇಷ್ಟು ಮಾಡಿ ನೋಡಿ. ಎಪಿಐ ಕಟ್ಟೋ ಮೊದಲು, ಅದನ್ನ ಬಳಸೋರು ಬರೆಯಬೇಕಾದ ಕೋಡನ್ನ ನೀವೇ ಒಂದು ಹಾಳೆಯಲ್ಲಿ ಬರೆಯಿರಿ. ಅದೇನೂ ಗೊತ್ತಿಲ್ಲದ ಸಹೋದ್ಯೋಗಿಗೆ ಕೊಡಿ. ವಿವರಣೆ ಕೊಡದೆ ಸುಮ್ಮನೆ ಪಕ್ಕದಲ್ಲಿ ಕೂತ್ಕೊಳ್ಳಿ. ಅವರು ಎಲ್ಲಿ ತಡವರಿಸ್ತಾರೋ ಆ ಜಾಗ ಗುರುತು ಹಾಕಿ. ಆಮೇಲೆ ಒಂದೇ ಪ್ರಶ್ನೆ ಕೇಳಿ: "ಉತ್ತರ ಬರಲೇ ಇಲ್ಲ ಅಂದ್ರೆ ಏನ್ ಮಾಡ್ತೀರಿ?" ಅದಕ್ಕೆ ಅವರ ಹತ್ರ ಉತ್ತರ ಇಲ್ಲ ಅಂದ್ರೆ, ನಿಮ್ಮ ವಿನ್ಯಾಸ ಇನ್ನೂ ಮುಗಿದಿಲ್ಲ.